ಅನಾಫೇಸ್‌ನಲ್ಲಿ ವರ್ಣತಂತುಗಳು 16 ಅಥವಾ 32? ಇಂದಿನ ಜೀವಶಾಸ್ತ್ರ ಪರೀಕ್ಷೆಯ ಮೂರು ಪ್ರಶ್ನೆಗಳು

ಪ್ರಶ್ನೆ:
ಇಂದು ಪರೀಕ್ಷೆ ಮುಗಿಸಿ ಹೊರಬಂದ ಮೇಲೆ ನಾವು ನಾಲ್ವರು ಪ್ರಶ್ನೆಪತ್ರಿಕೆಯನ್ನು ಹರವಿಕೊಂಡು ಉತ್ತರಗಳನ್ನು ತಾಳೆ ನೋಡಿದೆವು. ಹೆಚ್ಚಿನವು ಹೊಂದಿಕೆಯಾದರೂ ಮೂರು ಪ್ರಶ್ನೆಗಳಲ್ಲಿ ಒಮ್ಮತ ಮೂಡಲಿಲ್ಲ. ಮೊದಲನೆಯದು, ಈರುಳ್ಳಿ ಬೇರಿನ ತುದಿಯ ಕೋಶದಲ್ಲಿ 16 ವರ್ಣತಂತುಗಳಿದ್ದರೆ, ಕೋಶ ಒಂದೇ ಬಗೆಯ ಎರಡು ಮರಿಕೋಶಗಳಾಗಿ ವಿಭಜನೆಯಾಗುವ ಮೈಟಾಸಿಸ್‌ನ ಅನಾಫೇಸ್ ಹಂತದಲ್ಲಿ ಅದೇ ಕೋಶದಲ್ಲಿ ಎಷ್ಟಿರುತ್ತವೆ ಎಂಬುದು. ಮೈಟಾಸಿಸ್‌ನಲ್ಲಿ ವರ್ಣತಂತುಗಳ ಸಂಖ್ಯೆ ಬದಲಾಗುವುದಿಲ್ಲ ಎಂದು ಓದಿಕೊಂಡಿದ್ದರಿಂದ ನಾನು 16 ಎಂದು ಬರೆದೆ. ಇಬ್ಬರು 32 ಎಂದು ಬರೆದಿದ್ದಾರೆ. ಎರಡನೆಯದು, ತಾಯಿ ಬಣ್ಣಗುರುಡಿನ ವಾಹಕಿಯಾಗಿದ್ದು (ದೋಷವನ್ನು ಹೊತ್ತಿದ್ದರೂ ತನಗೆ ಬಣ್ಣಗುರುಡು ಇಲ್ಲದವಳು) ತಂದೆಯ ದೃಷ್ಟಿ ಸಹಜವಾಗಿದ್ದರೆ ಹುಟ್ಟುವ ಮಗುವಿಗೆ ಬಣ್ಣಗುರುಡು ಇರುವ ಸಂಭವ ಎಷ್ಟು ಎಂಬುದು. ನನ್ನ ಉತ್ತರ ಶೇ 50. ಮೂರನೆಯದು, ದ್ಯುತಿಸಂಶ್ಲೇಷಣೆಯಲ್ಲಿ ಬಿಡುಗಡೆಯಾಗುವ ಆಮ್ಲಜನಕದ ಮೂಲ. ನಾನು ನೀರು ಎಂದು ಬರೆದೆ, ಒಬ್ಬ ಗೆಳೆಯ ಇಂಗಾಲದ ಡೈಆಕ್ಸೈಡ್ ಎಂದು ಬರೆದಿದ್ದಾನೆ. ದಯವಿಟ್ಟು ಉತ್ತರದೊಂದಿಗೆ ಕಾರಣವನ್ನೂ ತಿಳಿಸಿ.

ಉತ್ತರ 1:
ಮೊದಲನೆಯದಕ್ಕೆ 32 ಸರಿ. ನಾನೂ ಇದೇ ಪರೀಕ್ಷೆ ಬರೆದಿದ್ದೇನೆ. ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದೇ ಒಂದು ವರ್ಣತಂತುವಿನ ಚಿತ್ರ ಬರೆದು ನೋಡಿದ ಮೇಲೆಯೇ ನನಗೆ ಧೈರ್ಯ ಬಂದದ್ದು. ಅನಾಫೇಸ್‌ಗೆ ಮುಂಚಿನ ಹಂತವಾದ ಮೆಟಾಫೇಸ್‌ನಲ್ಲಿ ಕೋಶದ ನಡುವೆ ಸಾಲಾಗಿ ನಿಂತ ಪ್ರತಿ ವರ್ಣತಂತುವಿಗೂ ಒಂದೇ ಬೆಸುಗೆಯ ತಾಣದಲ್ಲಿ, ಅಂದರೆ ಸೆಂಟ್ರೊಮಿಯರ್‌ನಲ್ಲಿ ಬೆಸೆದುಕೊಂಡ, ಒಂದೇ ತರದ ಎರಡು ಎಳೆಗಳು, ಅಂದರೆ ಕ್ರೊಮ್ಯಾಟಿಡ್‌ಗಳಿರುತ್ತವೆ. ನಾವು ಎಣಿಸುವುದು ಸೆಂಟ್ರೊಮಿಯರ್‌ಗಳನ್ನು ನೋಡಿಯಾದ್ದರಿಂದ ಆಗ ಲೆಕ್ಕ 16. ಅನಾಫೇಸ್ ಆರಂಭವಾಗುತ್ತಲೇ ಆ ಬೆಸುಗೆ ಬಿಟ್ಟುಹೋಗಿ, ಒಂದೊಂದು ಕ್ರೊಮ್ಯಾಟಿಡ್ ಸ್ವತಂತ್ರ ವರ್ಣತಂತುವಾಗಿ, ಸೆಂಟ್ರೊಮಿಯರ್ ಮುಂದಾಗಿ ಎರಡು ತೋಳುಗಳು ಹಿಂದೆ ಬಾಗಿದ ಆಕಾರದಲ್ಲಿ ತನ್ನ ಧ್ರುವದ ಕಡೆಗೆ ಎಳೆಯಲ್ಪಡುತ್ತದೆ. ಒಂದು ಧ್ರುವದತ್ತ 16, ಇನ್ನೊಂದರತ್ತ 16. ಕೋಶ ಇನ್ನೂ ಇಬ್ಭಾಗವಾಗಿಲ್ಲದ ಕಾರಣ ಒಟ್ಟು 32. ನೀವು ಓದಿಕೊಂಡದ್ದೂ ಸುಳ್ಳಲ್ಲ, ಆದರೆ ಅದು ವಿಭಜನೆ ಪೂರ್ಣಗೊಂಡ ಮೇಲಿನ ಮರಿಕೋಶಗಳಿಗೆ ಸಂಬಂಧಿಸಿದ ಮಾತು.

ಉತ್ತರ 2:
ಮೇಲಿನ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಮುಂದಿನ ಪರೀಕ್ಷೆಯಲ್ಲಿ ಇದನ್ನೇ ತಿರುಗಿಸಿ ಕೇಳಬಹುದು. ಅನಾಫೇಸ್‌ನಲ್ಲಿ ಸಂಖ್ಯೆ ಇಮ್ಮಡಿಯಾಗುತ್ತದೆಯೇ ಹೊರತು ಡಿಎನ್‌ಎ ಪ್ರಮಾಣ ಹೆಚ್ಚುವುದಿಲ್ಲ. ಅದು ಅದಕ್ಕೂ ಬಹಳ ಮೊದಲೇ, ವಿಭಜನೆಗೆ ಮುಂಚಿನ ಅವಧಿಯಾದ ಇಂಟರ್‌ಫೇಸ್‌ನ ಎಸ್ ಹಂತದಲ್ಲಿ, ಇಮ್ಮಡಿಯಾಗಿರುತ್ತದೆ. ಪ್ರಶ್ನೆಯಲ್ಲಿ ಮೈಟಾಸಿಸ್‌ನ ಬದಲು ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ವಿಭಜನೆಯಾದ ಮಿಯಾಸಿಸ್‌ನ ಮೊದಲ ಅನಾಫೇಸ್ ಎಂದಿದ್ದರೆ ಉತ್ತರ 16 ಆಗುತ್ತಿತ್ತು, ಏಕೆಂದರೆ ಅಲ್ಲಿ ಸೆಂಟ್ರೊಮಿಯರ್‌ಗಳು ಬೇರ್ಪಡುವುದಿಲ್ಲ, ಸಮರೂಪಿ (ತಾಯಿ-ತಂದೆಯಿಂದ ಒಂದೊಂದಾಗಿ ಬಂದ) ವರ್ಣತಂತು ಜೋಡಿಗಳಷ್ಟೇ ಬೇರೆಯಾಗುತ್ತವೆ.

ಇನ್ನು ಬಣ್ಣಗುರುಡಿನ ಪ್ರಶ್ನೆಯಲ್ಲಿ ನೀವು ‘ಮಗು’ ಎಂಬುದನ್ನು ‘ಮಗ’ ಎಂದು ಓದಿಕೊಂಡಿರಬೇಕು. ತಾಯಿಯ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದರಲ್ಲಿ ಮಾತ್ರ ದೋಷವಿದೆ. ಹೆಣ್ಣುಮಕ್ಕಳಿಗೆ ತಂದೆಯಿಂದ ಸಹಜ ಎಕ್ಸ್ ದೊರೆಯುವುದರಿಂದ ಅವರು ವಾಹಕಿಯರಾಗಬಹುದೇ ವಿನಾ ಅವರಿಗೆ ಬಣ್ಣಗುರುಡು ಇರುವುದಿಲ್ಲ. ಗಂಡುಮಕ್ಕಳಿಗೆ ತಂದೆಯಿಂದ ವೈ ಬರುವ ಕಾರಣ ತಾಯಿಯ ಎಕ್ಸ್‌ನಲ್ಲಿ ಏನಿದೆಯೋ ಅದೇ ನಿರ್ಣಾಯಕ. ಗಂಡುಮಗುವಿನಲ್ಲಿ ಸಂಭವ ಶೇ 50. ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ಹೇಳದಿದ್ದಾಗ ಶೇ 25. ಒಂದು ಕೊಂಬಿನ ವ್ಯತ್ಯಾಸದಲ್ಲಿ ಅಂಕ ಹೋಯಿತಲ್ಲ ಎಂದು ನನಗೂ ಬೇಸರವಾಗುತ್ತದೆ.

ಉತ್ತರ 3:
ಮೂರನೆಯದರಲ್ಲಿ ನಿಮ್ಮ ಉತ್ತರವೇ ಸರಿ, ಆಮ್ಲಜನಕದ ಮೂಲ ನೀರು. ನೀರಿನ ಬದಲು ಹೈಡ್ರೋಜನ್ ಸಲ್ಫೈಡ್ ಬಳಸುವ ಗಂಧಕ ಬ್ಯಾಕ್ಟೀರಿಯಾಗಳು ಇಂಗಾಲದ ಡೈಆಕ್ಸೈಡನ್ನು ಬಳಸಿಕೊಂಡರೂ ಆಮ್ಲಜನಕವನ್ನು ಬಿಡುಗಡೆ ಮಾಡುವುದಿಲ್ಲ, ಗಂಧಕವನ್ನು ಉಳಿಸುತ್ತವೆ. ಇದನ್ನು ಗಮನಿಸಿಯೇ ಸೂಕ್ಷ್ಮಜೀವಿ ವಿಜ್ಞಾನಿ ವ್ಯಾನ್ ನೀಲ್ ಅವರು ಹಸಿರು ಸಸ್ಯಗಳಲ್ಲಿ ಒಡೆಯುವುದು ನೀರು ಎಂದು ತರ್ಕಿಸಿದರು. 1941ರಲ್ಲಿ ರೂಬೆನ್, ಕಾಮೆನ್ ಮತ್ತು ಸಂಗಡಿಗರು ಆಮ್ಲಜನಕ-18 (ಆಮ್ಲಜನಕದ ಭಾರವಾದ ರೂಪ, ಅಂದರೆ ಐಸೊಟೋಪ್) ಇರುವ ನೀರನ್ನು ಪಾಚಿಗೆ ಒದಗಿಸಿದಾಗ ಹೊರಬಂದ ಅನಿಲದಲ್ಲಿ ಅದೇ ಐಸೊಟೋಪ್ ಕಂಡುಬಂದಿತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಪ್ರಶ್ನೆಪತ್ರಿಕೆಯನ್ನು ಮತ್ತೆ ತೆಗೆದು ನೋಡಿದೆ, ಅಲ್ಲಿ ‘ಮಗು’ ಎಂದೇ ಇದೆ. ಈರುಳ್ಳಿ ಕೋಶದ ಚಿತ್ರವನ್ನು ಈಗ ನಾನೇ ಬರೆದು ಎಣಿಸಿದೆ, 32 ಬಂದಿತು. ಆಮ್ಲಜನಕದ ವಿಷಯವನ್ನು ಗೆಳೆಯನಿಗೆ ಇಂದೇ ತಿಳಿಸುತ್ತೇನೆ.