ಅಪ್‌ಡೇಟ್: ಬೀದರಿನ ಚಳಿಗೆ ಹಳೆಯ ಕಾರು ಕೊಂಡೆ

ಚಳಿಗಾಲದ ನಸುಕಿನಲ್ಲಿ ಬೀದರಿನಿಂದ ಹುಮನಾಬಾದ್ ಮೇಲೆ ಕಲಬುರಗಿಗೆ ಹೋಗಿಬರಲು ಹಳೆಯ ಡೀಸೆಲ್ ಜೀಪು ಮೇಲೋ, ಸಣ್ಣ ಪೆಟ್ರೋಲ್ ಕಾರು ಮೇಲೋ ಎಂದು ಹಿಂದೆ ನಿಮ್ಮನ್ನು ಇಲ್ಲಿ ಕೇಳಿದ್ದೆ. ಕೊನೆಗೆ 2012ರ ಪೆಟ್ರೋಲ್ ವ್ಯಾಗನ್ ಆರ್ ಕೊಂಡಿದ್ದೇನೆ. ಅದರ 998 ಸಿಸಿ ಎಂಜಿನ್ನಿಗೆ ಆಗಾಗ ಬದಲಿಸಬೇಕಾದ ಟೈಮಿಂಗ್ ಬೆಲ್ಟ್ ಬದಲು ಹೆಚ್ಚು ಬಾಳುವ ಚೈನ್ ಇದೆ, ಬಿಡಿಭಾಗಗಳು ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತವೆ, ಚಳಿಯಲ್ಲಿ ಡೀಸೆಲ್ ಎಂಜಿನ್ ಶುರುವಾಗಲು ಒಳಗೆ ಬಿಸಿ ಮಾಡುವ ಗ್ಲೋ ಪ್ಲಗ್‌ಗಳ ಚಿಂತೆಯಿಲ್ಲ.

ಎಂಜಿನ್ ತಣ್ಣಗಿರುವಾಗಲೇ ಪರೀಕ್ಷಿಸಿ ಎಂದು ನೀವು ಕೊಟ್ಟ ಸಲಹೆಯೇ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಮೊದಲು ನೋಡಿದ ಕಾರಿನ ಬಾನೆಟ್ ಮುಟ್ಟಿದಾಗ ಬಿಸಿಯಿತ್ತು, ಅಂದರೆ ನಾನು ಬರುವ ಮೊದಲೇ ಎಂಜಿನ್ ಓಡಿಸಿದ್ದರು. ಮರುದಿನ ಬೆಳಗಿನ ಜಾವ ಹೋಗಿ ಕೀಲಿ ತಿರುಗಿಸಿದರೆ ಸ್ಟಾರ್ಟರ್ ನರಳಿತು, ಬ್ಯಾಟರಿಗೆ ಹಚ್ಚಿದ್ದ ವೋಲ್ಟ್‌ಮೀಟರಿನ ಮುಳ್ಳು 9 ವೋಲ್ಟಿಗಿಂತ ಕೆಳಗಿಳಿಯಿತು, ಅಂದರೆ ಬ್ಯಾಟರಿ ಸೋತಿತ್ತು. ನಾನು ಕೊಂಡ ಕಾರಿನ ಬ್ಯಾಟರಿ ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ತೋರಿಸಿತು, ಸ್ಟಾರ್ಟ್ ಮಾಡುವಾಗಲೂ 10ಕ್ಕಿಂತ ಕೆಳಗೆ ಬೀಳಲಿಲ್ಲ.

ಟೈರಿನ ಬದಿಯಲ್ಲಿ 3816 ಎಂದಿತ್ತು, ಅಂದರೆ 2016ರ 38ನೇ ವಾರದಲ್ಲಿ ತಯಾರಾದದ್ದು. ಟೈರು ಹೆಚ್ಚು ಸವೆದಿರದಿದ್ದರೂ ರಬ್ಬರ್ ಗಟ್ಟಿಯಾಗಿದ್ದರಿಂದ ನಾಲ್ಕನ್ನೂ ಬದಲಿಸಿದೆ. ಹಳದಿಗಟ್ಟಿದ್ದ ಹೆಡ್‌ಲೈಟ್ ಪ್ಲಾಸ್ಟಿಕ್ ಹೊದಿಕೆಯನ್ನೂ ಪಾಲಿಶ್ ಮಾಡಿಸಿದೆ, ಏಕೆಂದರೆ ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರುಗಳು ಮಂಜಿನಲ್ಲಿ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಒಳಗಾಜಿಗೆ ಹಬೆ ಕಟ್ಟಿದಾಗ ಎಸಿ ಹಾಕಿದರೆ ಅದು ತೇವವನ್ನು ಹೀರಿ ಬೇಗ ತಿಳಿಯಾಗಿಸುತ್ತದೆ.

ನೋಂದಣಿಯ 15 ವರ್ಷ 2027ಕ್ಕೆ ಮುಗಿಯುತ್ತದೆ, ಆಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ 5 ವರ್ಷಕ್ಕೆ ನವೀಕರಿಸಬೇಕು. ಬೆಲೆ ಮಾತಾಡುವಾಗ ಆ ಖರ್ಚನ್ನೂ ಬೆಲೆಯಿಂದ ಕಳೆದೇ ಒಪ್ಪಿದೆ.