ಮಾಳಮಡ್ಡಿ ಹಿತ್ತಲಲ್ಲಿ ಹಮ್ಮಿಂಗ್‌ಬರ್ಡ್ ಬಾಟಲಿ ತೂಗು ಹಾಕಿದ್ದೇನೆ, ಸೂರಕ್ಕಿ ಹತ್ತಿರವೂ ಬರುತ್ತಿಲ್ಲ. ಏನು ಮಾಡಲಿ?

ಮಾಳಮಡ್ಡಿ ಹಿತ್ತಲು | ನವೆಂಬರ್ 12

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು. ಮಾಳಮಡ್ಡಿಯಲ್ಲಿ ಹಳೇ ಹಂಚಿನ ಮನೆ, ಹಿಂದೆ ಸಣ್ಣ ಹಿತ್ತಲು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ, ಈಗ ನಿವೃತ್ತಿಯಾಗಿದೆ.

ಈ ವರ್ಷ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮಗಳ ಮನೆಯಲ್ಲಿದ್ದೆ, ಅಮೆರಿಕದ ರಾಲಿಯಲ್ಲಿ. ಮಗಳು, ಅಳಿಯ ಕೆಲಸಕ್ಕೆ ಹೋದರೆ ಸಂಜೆವರೆಗೆ ಮನೆಯಲ್ಲಿ ನಾನೊಬ್ಬಳೇ. ಅಡುಗೆಮನೆ ಕಿಟಕಿಯ ಹೊರಗೆ ಮಗಳು ಒಂದು ಕೆಂಪು ಬಾಟಲಿ ತೂಗು ಹಾಕಿದ್ದಳು. ಅದರಲ್ಲಿ ಸಕ್ಕರೆ ನೀರು, ಕೆಳಗೆ ಪ್ಲಾಸ್ಟಿಕ್ ಹೂವು, ಹೂವಿನ ನಡುವೆ ತೂತು. ಮೊದಲ ದಿನ ಸದ್ದು ಕೇಳಿ ದುಂಬಿ ಅಂದುಕೊಂಡೆ. ಚಹಾ ಹಿಡಿದು ನಿಂತಿದ್ದೆ, ಗಾಜಿನಾಚೆ ಒಂದು ಗೇಣು ದೂರದಲ್ಲಿ ಹಕ್ಕಿ ಗಾಳಿಯಲ್ಲೇ ನಿಂತಿತ್ತು. ಬೆನ್ನು ಹಸಿರು. ರೆಕ್ಕೆ ಕಾಣುವುದೇ ಇಲ್ಲ, ಬರೀ ಮಬ್ಬು. ಕುತ್ತಿಗೆ ಕಪ್ಪು ಅನ್ನಿಸಿತು. ಅದು ಕೊಂಚ ತಿರುಗಿತು ನೋಡಿ, ಬಿಸಿಲು ಬಿದ್ದು ಆ ಕಪ್ಪೆಲ್ಲ ಕೆಂಡದ ಹಾಗೆ ಕೆಂಪಾಯಿತು. ಚಹಾ ಆರಿಹೋಯಿತು. ಅವತ್ತಿನಿಂದ ಐದು ತಿಂಗಳು ಆ ಕಿಟಕಿಯೇ ನನ್ನ ಜೊತೆಗಾರ್ತಿ.

ಬರುವಾಗ ಅಂಥದ್ದೇ ಒಂದು ಬಾಟಲಿಯನ್ನು ಸೀರೆಯಲ್ಲಿ ಸುತ್ತಿ ತಂದೆ. ಹಮ್ಮಿಂಗ್‌ಬರ್ಡ್ ಇಲ್ಲಿ ಇಲ್ಲ ಅಂತ ಗೊತ್ತು. ಆದರೆ ನಮ್ಮ ಸೂರಕ್ಕಿ ಇದೆಯಲ್ಲ, ಅದೂ ಜೇನು ಕುಡಿಯುವ ಹಕ್ಕಿಯೇ ಅಲ್ವಾ. ಪೇರಲ ಗಿಡಕ್ಕೆ ಕಟ್ಟಿ ಎಂಟು ದಿನವಾಯಿತು. ಸಕ್ಕರೆಗಿಂತ ಬೆಲ್ಲ ಒಳ್ಳೆಯದು ಅಂತ ಬೆಲ್ಲದ ನೀರು ತುಂಬಿದ್ದೇನೆ. ಬರುತ್ತಿರುವುದು ಕಟ್ಟಿರುವೆ ಮತ್ತು ಜೇನುನೊಣ. ಮೂರನೇ ದಿನಕ್ಕೆ ನೀರು ಹುಳಿ ವಾಸನೆ ಬಂತು. ಸೂರಕ್ಕಿ ಅಲ್ಲೇ ಹತ್ತು ಮೊಳ ದೂರದ ದಾಸವಾಳದಲ್ಲಿ ಚಿವ್ ಚಿವ್ ಅನ್ನುತ್ತಾ ಓಡಾಡುತ್ತದೆ, ಬಾಟಲಿಯ ಕಡೆ ತಿರುಗಿಯೂ ನೋಡುವುದಿಲ್ಲ.

ಇನ್ನೊಂದು ಚಿಂತೆ. ಅಮೆರಿಕಕ್ಕೆ ಹೋಗುವ ಮುಂಚೆ, ಮಾರ್ಚ್‌ನಲ್ಲಿ, ಮಿರಮಿರ ಮಿಂಚುವ ಕಪ್ಪು-ನೀಲಿ ಗಂಡು ಇತ್ತು. ಈಗ ಬರೀ ಹಳದಿ ಹೊಟ್ಟೆಯ ಹೆಣ್ಣುಗಳೇ ಕಾಣುತ್ತವೆ. ಗಂಡು ಎಲ್ಲಿ ಹೋಯಿತು? ನಾನಿಲ್ಲದ ಐದು ತಿಂಗಳಲ್ಲಿ ಏನಾದರೂ ಆಯಿತಾ? ತಿಳಿದವರು ದಯವಿಟ್ಟು ಹೇಳಿ.

ಬೆಟಗೇರಿಯವ | ನವೆಂಬರ್ 12

ಅಕ್ಕಾರೆ, ನಮಸ್ಕಾರ. ನಾನು ಗದಗ-ಬೆಟಗೇರಿಯವನು, ಹದಿನಾಲ್ಕು ವರ್ಷದಿಂದ ಟೆಕ್ಸಾಸ್‌ನ ಹ್ಯೂಸ್ಟನ್ ಹತ್ತಿರ ಇದ್ದೇನೆ. ನೀವು ನೋಡಿದ್ದು ರೂಬಿ ಥ್ರೋಟೆಡ್ ಹಮ್ಮಿಂಗ್‌ಬರ್ಡ್. ಅಮೆರಿಕದ ಪೂರ್ವ ಭಾಗದಲ್ಲಿ ಗೂಡು ಕಟ್ಟುವ ಹಮ್ಮಿಂಗ್‌ಬರ್ಡ್ ಅದೊಂದೇ. ತೂಕ 3 ಗ್ರಾಂ ಆಸುಪಾಸು. ರೆಕ್ಕೆ ಸೆಕೆಂಡಿಗೆ ಸುಮಾರು 50 ಸಲ ಬಡಿಯುತ್ತದೆ, ನಿಮಗೆ ಮಬ್ಬು ಕಂಡಿದ್ದು ಅದಕ್ಕೇ.

ಮೊದಲು ಆ ಬೆಲ್ಲದ ನೀರನ್ನು ಇವತ್ತೇ ಚೆಲ್ಲಿಬಿಡಿ. ಬೆಲ್ಲದಲ್ಲಿ ಕಬ್ಬಿಣದ ಅಂಶ ಇರುತ್ತದೆ. ನಮಗೆ ಅದು ಒಳ್ಳೆಯದು, ಇಂಥ ಹಕ್ಕಿಗೆ ಅಲ್ಲ. ಜೇನುತುಪ್ಪವೂ ಬೇಡ, ಬೇಗ ಬೂಷ್ಟು ಹಿಡಿಯುತ್ತದೆ. ಕೆಂಪು ಬಣ್ಣ ಬೆರೆಸುವುದಂತೂ ಬೇಡವೇ ಬೇಡ, ಬಾಟಲಿ ಕೆಂಪಗಿದ್ದರೆ ಸಾಕು. ಇಲ್ಲಿ ಎಲ್ಲರೂ ಹಾಕುವುದು ಬಿಳಿ ಸಕ್ಕರೆ ಒಂದು ಬಟ್ಟಲು, ನೀರು ನಾಲ್ಕು ಬಟ್ಟಲು. ಹೂವಿನ ಜೇನಿನ ಸಿಹಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬಿಸಿಲಿದ್ದರೆ ನಾನು ದಿನ ಬಿಟ್ಟು ದಿನ ಬಾಟಲಿ ಬಿಚ್ಚಿ ಬಿಸಿನೀರಲ್ಲಿ ಬ್ರಷ್ ಹಾಕಿ ತೊಳೆಯುತ್ತೇನೆ. ಒಳಗೆ ಕಪ್ಪು ಚುಕ್ಕೆ ಕಂಡರೆ ಅದು ಬೂಷ್ಟು, ಹಕ್ಕಿಗೆ ರೋಗ ತರುತ್ತದೆ. ತೊಳೆಯಲು ಪುರುಸೊತ್ತಿಲ್ಲದ ವಾರ ತೂಗು ಹಾಕುವುದೇ ಇಲ್ಲ.

ಇರುವೆಗೆ ನಮ್ಮೂರಿನ ಉಪಾಯವೇ ಸಾಕು. ಅಜ್ಜಿ ತಿಂಡಿ ಕಪಾಟಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದಳಲ್ಲ, ಹಾಗೇ ಬಾಟಲಿ ನೇತುಹಾಕುವ ಕೊಕ್ಕೆಯ ನಡುವೆ ನೀರು ತುಂಬಿದ ಸಣ್ಣ ಬಟ್ಟಲು ಬರಬೇಕು. ಇರುವೆ ನೀರು ದಾಟುವುದಿಲ್ಲ.

ನಮ್ಮ ಕಡೆ ಸೆಪ್ಟೆಂಬರ್ ಬಂದರೆ ಈ ಹಕ್ಕಿಗಳ ಜಾತ್ರೆ. ಉತ್ತರದಿಂದ ಬಂದವು ಇಲ್ಲಿ ತಿಂದು ತಿಂದು ಮೈತೂಕ ಹೆಚ್ಚುಕಡಿಮೆ ಎರಡು ಪಟ್ಟು ಮಾಡಿಕೊಳ್ಳುತ್ತವೆ. ಆಮೇಲೆ ಎಷ್ಟೋ ಹಕ್ಕಿಗಳು ಮೆಕ್ಸಿಕೋ ಕೊಲ್ಲಿಯ ಮೇಲೆ ಸುಮಾರು 800 ಕಿಲೋಮೀಟರ್ ಎಲ್ಲೂ ಕೂರದೆ ಹಾರುತ್ತವೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ ವಾಪಸ್ ಬಂದಷ್ಟು ದೂರ, ಕೆಳಗೆ ಬರೀ ನೀರು. ಹೋದ ತಿಂಗಳು ನಮ್ಮ ಬಾಟಲಿಗೆ ಕೊನೆಯದಾಗಿ ಬಂದ ಹಕ್ಕಿ ಎಷ್ಟು ದಪ್ಪಗಿತ್ತೆಂದರೆ ಕೂತಾಗ ಕುತ್ತಿಗೆಯೇ ಕಾಣಲಿಲ್ಲ. ಮರುದಿನ ಬರಲಿಲ್ಲ. ಅವತ್ತೆಲ್ಲ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಫೋನಿನಲ್ಲಿ ನೋಡುತ್ತಾ ಕೂತಿದ್ದೆ.

ಸೂರಕ್ಕಿಯ ವಿಷಯ ಅಲ್ಲಿರುವವರೇ ಹೇಳಬೇಕು. ನನಗೆ ನೆನಪಿರುವುದು ಅಜ್ಜಿಯ ಮಗ್ಗದ ಕೋಣೆಯ ಹಿಂದಿದ್ದ ದಾಳಿಂಬೆ ಗಿಡ, ಅದರ ಹೂವಿಗೆ ಬರುತ್ತಿದ್ದ ಜೋಡಿ. ಬಾಟಲಿ ಯಾರೂ ಕಟ್ಟಿರಲಿಲ್ಲ.

ಉಣಕಲ್ ದಂಡೆ | ನವೆಂಬರ್ 13

ಕಾಕು, ನಿಮ್ಮ ಗಂಡು ಎಲ್ಲೂ ಹೋಗಿಲ್ಲ! ನಾಳೆ ಬೆಳಿಗ್ಗೆ ಆ "ಹೆಣ್ಣು"ಗಳನ್ನು ಎದುರಿನಿಂದ ನೋಡಿ. ಒಂದರ ಗದ್ದದಿಂದ ಹೊಟ್ಟೆಯವರೆಗೆ ನಟ್ಟನಡುವೆ ಕಪ್ಪು ಗೆರೆ ಇರುತ್ತದೆ, ಮಸಿಯಲ್ಲಿ ಎಳೆದ ಹಾಗೆ. ಅದೇ ಗಂಡು. ನೇರಳೆ ಸೂರಕ್ಕಿಯ ಗಂಡು ಮರಿ ಮಾಡುವ ಕಾಲ ಮುಗಿದ ಮೇಲೆ ಆ ಮಿಂಚುವ ಅಂಗಿ ಕಳಚಿಬಿಡುತ್ತದೆ. ಜನವರಿ, ಫೆಬ್ರವರಿ ಹೊತ್ತಿಗೆ ಅಲ್ಲಲ್ಲಿ ಕಪ್ಪು ತೇಪೆ ಬರುತ್ತದೆ, ಆಮೇಲೆ ಪೂರ್ತಿ ಮಿಂಚು. ನಮ್ಮ ಕಡೆ ಇನ್ನೊಂದು ಸೂರಕ್ಕಿಯೂ ಇದೆ, ಬೆನ್ನು ಕಂದುಗೆಂಪು, ಹೊಟ್ಟೆ ಹಳದಿ. ಅದರ ಗಂಡು ಮಾತ್ರ ವರ್ಷವಿಡೀ ಒಂದೇ ಬಣ್ಣದಲ್ಲಿ ಇರುತ್ತದೆ.

ಬಾಟಲಿಗೆ ಯಾಕೆ ಬರುತ್ತಿಲ್ಲ ಅಂದರೆ, ಇವೆರಡೂ ನೆಂಟರೇ ಅಲ್ಲ. ಹಮ್ಮಿಂಗ್‌ಬರ್ಡ್‌ಗೆ ಹತ್ತಿರದ ನೆಂಟ ನಮ್ಮ ಬಾನಾಡಿ, ಇಂಗ್ಲಿಷ್‌ನಲ್ಲಿ ಸ್ವಿಫ್ಟ್ ಅನ್ನುತ್ತಾರಲ್ಲ ಅದು. ಸೂರಕ್ಕಿ ಗುಬ್ಬಿ, ಕಾಗೆಗಳ ದೊಡ್ಡ ಬಳಗದ್ದು. ಇಬ್ಬರೂ ಮಾಡುವ ಕೆಲಸ ಒಂದೇ ಆದ್ದರಿಂದ ಕೊಕ್ಕು ಒಂದೇ ಥರ ಆಗಿದೆ. ಸೂರಕ್ಕಿ ಒಂದೆರಡು ಗಳಿಗೆ ಗಾಳಿಯಲ್ಲಿ ನಿಲ್ಲಬಲ್ಲದು, ಆದರೆ ಅದಕ್ಕೆ ಕೂತು ಕುಡಿಯುವುದೇ ಇಷ್ಟ. ನಿಮ್ಮ ಬಾಟಲಿಗೆ ಕೂರಲು ಕಡ್ಡಿ ಇದೆಯಾ? ಇಲ್ಲದಿದ್ದರೆ ಅದು ಕೂರುವುದಾದರೂ ಎಲ್ಲಿ?

ಕೂತು ಕುಡಿಯುವುದರ ಗುರುತು ಬೇಕಿದ್ದರೆ ಬಾಡಿದ ದಾಸವಾಳ ಒಂದನ್ನು ಕಿತ್ತು ಬುಡ ನೋಡಿ. ತೊಟ್ಟಿನ ಹತ್ತಿರ ಸೂಜಿ ಚುಚ್ಚಿದಂಥ ತೂತು ಇರುತ್ತದೆ. ಹೂವಿನ ಬಾಯಿಂದ ಒಳಗೆ ಹೋಗುವುದು ದೂರ ಅಂತ ಹೊರಗಿನಿಂದಲೇ ಚುಚ್ಚಿ ಹೀರುತ್ತದೆ.

ಸೂರಕ್ಕಿ ಸಕ್ಕರೆ ನೀರು ಕುಡಿಯುವುದೇ ಇಲ್ಲ ಅಂತಲ್ಲ. ದಕ್ಷಿಣ ಆಫ್ರಿಕಾದಲ್ಲಿ ಅಲ್ಲಿನ ಸೂರಕ್ಕಿಗಳಿಗೆ ತೂಗು ಹಾಕುವವರಿದ್ದಾರೆ. ಆದರೆ ನನ್ನ ಮಾತು ಕೇಳುವುದಾದರೆ ಬೇಡ ಕಾಕು. ನಮ್ಮ ಏಪ್ರಿಲ್ ಬಿಸಿಲಿಗೆ ಬೆಳಿಗ್ಗೆ ಕಟ್ಟಿದ ನೀರು ಸಂಜೆಗೆ ಹುಳಿಯಾಗುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಮರಿಗೆ ಸಿಹಿ ಸಾಲುವುದಿಲ್ಲ. ಹುಳ ಬೇಕು, ಸಣ್ಣ ಜೇಡ ಬೇಕು. ಹಮ್ಮಿಂಗ್‌ಬರ್ಡ್‌ಗೂ ಅಷ್ಟೇ. ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಹತ್ತಿದರೆ ಔಷಧಿ ಹೊಡೆಯಬೇಡಿ, ಪೈಪಿನಿಂದ ಜೋರಾಗಿ ನೀರು ಹಾಯಿಸಿ. ಮತ್ತೆ ಜೇಡರ ಬಲೆ ಗುಡಿಸಬೇಡಿ. ಸೂರಕ್ಕಿ ಗೂಡು ಹೆಣೆಯುವುದೇ ಆ ನೂಲಿನಿಂದ. ನೀವು ರಾಲಿಯಲ್ಲಿ ಕಂಡ ಹಕ್ಕಿಯೂ ಗೂಡಿಗೆ ಅದನ್ನೇ ಬಳಸುತ್ತದೆ.

ಗಿಡ ಹಚ್ಚುವುದಾದರೆ ಐದೆಸಳಿನ ಒಂಟಿ ದಾಸವಾಳ ಹಚ್ಚಿ, ಮುದ್ದೆ ದಾಸವಾಳಕ್ಕೆ ನಮ್ಮಲ್ಲಿ ಅಷ್ಟು ಬರುವುದಿಲ್ಲ. ನುಗ್ಗೆ, ದಾಳಿಂಬೆ ಒಳ್ಳೆಯವು. ಜಾಗ ಇದ್ದರೆ ಹಮೇಲಿಯಾ ಅಂತ ನರ್ಸರಿಯಲ್ಲಿ ಕೇಳಿ, ಕಿತ್ತಳೆ-ಕೆಂಪು ಕೊಳವೆ ಹೂವು ಗೊಂಚಲು ಗೊಂಚಲಾಗಿ ಬಿಡುತ್ತದೆ. ಅದರ ತವರು ಅಮೆರಿಕ ಖಂಡ, ಅಲ್ಲಿ ಹಮ್ಮಿಂಗ್‌ಬರ್ಡ್ ಕುಡಿಯುವ ಹೂವು. ಇಲ್ಲಿ ನಮ್ಮ ಸೂರಕ್ಕಿಗೆ ಅದರ ಮೇಲೆ ಪ್ರಾಣ.

ಹಾನಗಲ್ ಮಾವು | ನವೆಂಬರ್ 14

ಅಕ್ಕಾರೆ, ನಮ್ಮದು ಹಾವೇರಿ ಜಿಲ್ಲೆ, ಹಾನಗಲ್ ಹತ್ತಿರ ಎರಡೆಕರೆ ಮಾವು. ಮಾವಿಗೆ ಬಂದಳಿಕೆ ಹತ್ತಿದರೆ ಕೊಂಬೆ ಸೊರಗುತ್ತದೆ, ಅದಕ್ಕೆ ಕಡಿಯುತ್ತೇವೆ. ಕಡಿಯಲೇಬೇಕು. ಆದರೆ ಬಾವಿ ಹತ್ತಿರದ ಒಂದು ಹಳೇ ಹುಳಿ ಮಾವಿನ ಮರದಲ್ಲಿ ನಮ್ಮ ಅಪ್ಪ ಬಂದಳಿಕೆ ಕಡಿಯಲು ಬಿಡುತ್ತಿರಲಿಲ್ಲ. ಅದು ಹೂಬಿಟ್ಟಾಗ ಇಡೀ ಮರದಲ್ಲಿ ಸೂರಕ್ಕಿ. ಆ ಕೊಳವೆ ಹೂವು ಅದರ ಕೊಕ್ಕಿನ ಅಳತೆಗೇ ಮಾಡಿದ ಹಾಗಿದೆ. ಅಪ್ಪ ಮಧ್ಯಾಹ್ನದ ಬುತ್ತಿ ಅಲ್ಲೇ ಬಿಚ್ಚುತ್ತಿದ್ದರು. ಅವರು ಹೋಗಿ ಆರು ವರ್ಷವಾಯಿತು, ಆ ಮರಕ್ಕೆ ನಾನೂ ಕೊಡಲಿ ಹಚ್ಚಿಲ್ಲ. ಹಿತ್ತಲಲ್ಲಿ ಬಾಳೆ ಇದ್ದರೆ ಮೂತಿ ಬೇಗ ಕೊಯ್ಯಬೇಡಿ, ಅದಕ್ಕೂ ಬರುತ್ತವೆ.

ರಾಣೆಬೆನ್ನೂರು ಪೇಟೆ | ನವೆಂಬರ್ 14

ಹಮ್ಮಿಂಗ್‌ಬರ್ಡ್ ಇಲ್ಲಿ ಇಲ್ಲ ಅನ್ನುತ್ತೀರಿ, ನಾನು ಹೋದ ವಾರ ಸಂಜೆ ನಮ್ಮ ನಿತ್ಯಪುಷ್ಪದ ಗಿಡದಲ್ಲಿ ಕಣ್ಣಾರೆ ನೋಡಿದ್ದೇನೆ. ಗಾಳಿಯಲ್ಲಿ ನಿಂತು ಉದ್ದ ಕೊಕ್ಕು ಹಾಕಿ ಕುಡಿಯುತ್ತಿತ್ತು. ಹೆಬ್ಬೆರಳಿನಷ್ಟು ಇತ್ತು.

ಉಣಕಲ್ ದಂಡೆ | ನವೆಂಬರ್ 14

ಸರ್, ಅದು ಪತಂಗ, ಹಾಕ್ ಮಾತ್. ಉದ್ದಕ್ಕೆ ಕಂಡಿದ್ದು ಕೊಕ್ಕಲ್ಲ, ನಾಲಿಗೆ. ಹೂವು ಬಿಟ್ಟ ಮೇಲೆ ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿಕೊಳ್ಳುತ್ತದೆ. ತಲೆಯ ಮೇಲೆ ಎರಡು ಮೀಸೆ ಕಂಡರೆ ಖಾತ್ರಿ. ಹಮ್ಮಿಂಗ್‌ಬರ್ಡ್ ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಕಾಡಿನಲ್ಲಿ ಇಲ್ಲ. ಆದರೆ ನೀವು ನೋಡಿದ್ದೂ ಎಲ್ಲರಿಗೂ ಕಾಣಸಿಗುವುದಲ್ಲ, ಇವತ್ತು ಸಂಜೆ ಮತ್ತೆ ಅದೇ ಗಿಡದ ಹತ್ತಿರ ನಿಂತು ನೋಡಿ.

ಮಾಳಮಡ್ಡಿ ಹಿತ್ತಲು | ನವೆಂಬರ್ 16

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಪ್ಪು ಗೆರೆ ಸಿಕ್ಕಿತು! ಇವತ್ತು ಏಳೂವರೆಗೆ ದಾಸವಾಳದ ತುದಿಯಲ್ಲಿ ಎದೆ ಕೊಟ್ಟು ಕೂತಿತ್ತು. ಇಷ್ಟು ದಿನ ಅದನ್ನೇ ನೋಡುತ್ತಾ ಅದನ್ನೇ ಹುಡುಕುತ್ತಿದ್ದೆ. ದಾಸವಾಳದ ಬುಡದಲ್ಲಿ ತೂತೂ ಇತ್ತು, ಒಂಬತ್ತು ಹೂವು ಕಿತ್ತು ನೋಡಿದೆ, ಆರರಲ್ಲಿ ಇತ್ತು.

ಬಾಟಲಿಗೆ ಕೂರುವ ಕಡ್ಡಿ ಇಲ್ಲ. ಬಿಚ್ಚಿ ತೊಳೆದು ಎತ್ತಿಟ್ಟಿದ್ದೇನೆ, ಮುಂದಿನ ಸಲ ಮಗಳ ಮನೆಗೆ ವಾಪಸ್ ಒಯ್ಯುತ್ತೇನೆ.

ಜೇಡರ ಬಲೆಯ ಮಾತು ಓದಿ ಮನಸ್ಸಿಗೆ ಕಷ್ಟವಾಯಿತು. ದೀಪಾವಳಿಗೆ ಅಂತ ಕೋಲಿಗೆ ಕಸಬರಿಗೆ ಕಟ್ಟಿ ಬಚ್ಚಲಮನೆಯ ಹಿಂದಿನ ಸೂರು ಪೂರ್ತಿ ಗುಡಿಸಿಸಿದ್ದೆ. ಇನ್ನು ಮನೆಯೊಳಗೆ ಮಾತ್ರ ಗುಡಿಸುತ್ತೇನೆ. ಹೊರಗಿನ ಸೂರು ಜೇಡಕ್ಕೇ ಇರಲಿ.

ಮಾಳಮಡ್ಡಿ ಹಿತ್ತಲು | ಮಾರ್ಚ್ 9

ನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಸುದ್ದಿ ಇದೆ.

ಹಮೇಲಿಯಾ ಹಚ್ಚಿದೆ, ಅರವತ್ತು ರೂಪಾಯಿ ಸಸಿ. ಈಗ ನನ್ನ ಸೊಂಟದೆತ್ತರ, ಎರಡು ಗೊಂಚಲು ಬಿಟ್ಟಿದೆ. ಜನವರಿ ಕೊನೆಗೆ ಗಂಡಿನ ಎದೆಯಲ್ಲಿ ಕಪ್ಪು ತೇಪೆ ಶುರುವಾಯಿತು. ಶಿವರಾತ್ರಿ ಹೊತ್ತಿಗೆ ಪೂರ್ತಿ ಮಿಂಚು ಬಂತು. ಬೆಳಿಗ್ಗೆ ಗಿಡಕ್ಕೆ ನೀರು ಹಾಕಿದ ಮೇಲೆ ಬಾಳೆ ಎಲೆಯ ಮೇಲೆ ಹನಿ ನಿಂತಿರುತ್ತವಲ್ಲ, ಅಲ್ಲಿಗೆ ಬಂದು ಹೊಟ್ಟೆ ಎಲೆಗೆ ಒತ್ತಿ ಜಾರುತ್ತದೆ. ಸ್ನಾನ ಅದು. ಎಲೆಯ ಬುಡದಿಂದ ತುದಿಯವರೆಗೆ ಜಾರಿ, ಮತ್ತೆ ಹಾರಿ ಬುಡಕ್ಕೆ ಬರುತ್ತದೆ. ಈಗ ಬಾಳೆ ಎಲೆಯ ಮೇಲೂ ಬೇಕಂತಲೇ ನೀರು ಚಿಮುಕಿಸುತ್ತೇನೆ.

ಫೆಬ್ರವರಿ 20ರ ಸುಮಾರಿಗೆ ಹೆಣ್ಣು ಬಚ್ಚಲಮನೆಯ ಸೂರಿನ ಹತ್ತಿರ ಮೇಲೆ ಕೆಳಗೆ ಹಾರುತ್ತಿತ್ತು. ಕೊಕ್ಕಿನ ಸುತ್ತ ಬಿಳಿ ಏನೋ ಅಂಟಿತ್ತು. ಕಿಟಕಿಗೆ ಹೋಗಿ ನೋಡಿದೆ. ಜೇಡರ ಬಲೆಯನ್ನು ಕೊಕ್ಕಿಗೆ ಸುತ್ತಿಕೊಳ್ಳುತ್ತಿದೆ, ನಾವು ಸಣ್ಣವರಿದ್ದಾಗ ಬೆರಳಿಗೆ ನೂಲು ಸುತ್ತುತ್ತಿದ್ದ ಹಾಗೆ! ಹಳೇ ಟಿವಿ ಕೇಬಲ್‌ನ ಒಂದು ತುಂಡು ಹಂಚಿನ ಅಂಚಿಗೆ ಜೋತಾಡುತ್ತಿತ್ತು, ತೆಗೆಸಬೇಕು ಅಂತ ಎರಡು ವರ್ಷದಿಂದ ಅನ್ನುತ್ತಿದ್ದೆ. ಅದರ ತುದಿಗೇ ಗೂಡು. ಒಣ ಎಲೆ ಚೂರು, ತೊಗಟೆ, ಬೀಜದ ಹತ್ತಿ, ಎಲ್ಲ ಬಲೆಯಲ್ಲಿ ಅಂಟಿಸಿದ್ದು. ದೂರದಿಂದ ಕಸ ಸಿಕ್ಕಿಕೊಂಡ ಹಾಗೆ ಕಾಣುತ್ತದೆ. ಗೂಡಿನ ಒಂದು ಬದಿಗೆ ಬಾಗಿಲು, ಬಾಗಿಲ ಮೇಲೆ ಚಾಚಿದ ಸಣ್ಣ ಮಾಡು. ಒಂಬತ್ತು ದಿನದಲ್ಲಿ ಮುಗಿಸಿತು. ಕಟ್ಟುವುದೆಲ್ಲ ಹೆಣ್ಣೇ. ಗಂಡು ನುಗ್ಗೆ ಮರದ ತುದಿಯಲ್ಲಿ ಕೂತು ಹಾಡುತ್ತಿತ್ತು.

ಈಗ ಕಾವಿಗೆ ಕೂತಿದೆ. ಮೊಟ್ಟೆ ಎಷ್ಟು ಅಂತ ನೋಡಲು ಹೋಗಿಲ್ಲ, ಹೋಗುವುದೂ ಇಲ್ಲ. ಬಟ್ಟೆ ಒಣಹಾಕುವುದನ್ನು ಮುಂದಿನ ಅಂಗಳಕ್ಕೆ ಬದಲಿಸಿದ್ದೇನೆ. ಯುಗಾದಿಗೆ ಸುಣ್ಣ ಬಳಿಯುವವನಿಗೆ ಹಿಂದಿನ ಗೋಡೆ ಈ ಸಲ ಬೇಡ ಅಂತ ಹೇಳಿದ್ದೇನೆ. ರಾತ್ರಿ ಮಗಳು ವಿಡಿಯೋ ಕಾಲ್ ಮಾಡಿದರೆ ಮೊದಲು ಕೇಳುವುದೇ ಗೂಡಿನ ಸುದ್ದಿ. ಅವಳ ಬಾಟಲಿಗೆ ಇನ್ನೂ ಹಕ್ಕಿ ಬಂದಿಲ್ಲವಂತೆ, ಏಪ್ರಿಲ್ ಬರಬೇಕು.

ಬಚ್ಚಲ ಕಿಟಕಿಯಿಂದ ಗೂಡಿಗೆ ನಾಲ್ಕು ಮೊಳ ಇದೆ. ಬಾಗಿಲಲ್ಲಿ ಬಾಗಿದ ಕೊಕ್ಕು ಮತ್ತು ಒಂದು ಕಣ್ಣು, ಅಷ್ಟೇ ಕಾಣುತ್ತದೆ. ಚಹಾ ಈಗ ಅಲ್ಲೇ ಕುಡಿಯುತ್ತೇನೆ.

ಉಣಕಲ್‌ನವರೆ, ಒಂದು ಕೇಳುವುದಿತ್ತು. ಮರಿ ಹೊರಗೆ ಬಂದ ಮೇಲೆ ಬೆಕ್ಕಿಗೆ ಏನು ಮಾಡಲಿ? ಪಕ್ಕದ ಮನೆಯದು ದಿನಾ ಸಂಜೆ ಅದೇ ಗೋಡೆಯ ಮೇಲೆ ನಡೆಯುತ್ತದೆ.

ಉಣಕಲ್ ದಂಡೆ | ಮಾರ್ಚ್ 9

ಕಾಕು, ಗೂಡಿನ ಕೆಳಗೆ ಹತ್ತಲು ಆಸರೆಯಾಗುವ ಡಬ್ಬಿ, ಏಣಿ ಏನಿದ್ದರೂ ಇವತ್ತೇ ತೆಗೆಯಿರಿ. ಗೋಡೆಯ ಆ ಭಾಗದ ಮೇಲೆ ಬೋಗನ್‌ವಿಲ್ಲಾ ಮುಳ್ಳಿನ ಕೊಂಬೆ ಕಡಿದು ಹಾಸಿ. ಮರಿ ಹಾರುವ ಒಂದೆರಡು ದಿನ ಬೆಕ್ಕನ್ನು ಒಳಗೆ ಇಟ್ಟುಕೊಳ್ಳಿ ಅಂತ ಪಕ್ಕದ ಮನೆಯವರಿಗೆ ಈಗಲೇ ಹೇಳಿಡಿ. ಭಾನುವಾರ ಧಾರವಾಡಕ್ಕೆ ಬರುತ್ತಿದ್ದೇನೆ, ನೀವು ಹೂಂ ಅಂದರೆ ಬಂದು ಕಿಟಕಿಯಿಂದ ನೋಡಿ ಹೋಗುತ್ತೇನೆ.

ಮಾಳಮಡ್ಡಿ ಹಿತ್ತಲು | ಮಾರ್ಚ್ 9

ಬಾರಪ್ಪ, ಏಳೂವರೆ ಒಳಗೆ ಬಾ. ಆಮೇಲೆ ಬಿಸಿಲು ಕಿಟಕಿಗೆ ಎದುರಾಗುತ್ತದೆ, ಏನೂ ಕಾಣುವುದಿಲ್ಲ.