ಎಣ್ಣೆ ಅದೇ, ಬಿಸಿಲು ಬಿದ್ದರೆ ಮೀನುಮರಿಗೆ ವಿಷ ಜಾಸ್ತಿಯಾಗುತ್ತಾ?

ಪ್ರಶ್ನೆ (ಮಲ್ಪೆಯಿಂದ): ಸರ್, ಮಳೆಗಾಲಕ್ಕೆ ಮೊದಲು ನಮ್ಮ ತೀರಕ್ಕೆ ಡಾಂಬರು ಉಂಡೆ ಬಂದು ಬೀಳುವುದು ಮಾಮೂಲಿ. 2022ರ ಜೂನ್‌ನಲ್ಲಿ ಉಳ್ಳಾಲದ ಹತ್ತಿರ ಪ್ರಿನ್ಸೆಸ್ ಮಿರಾಲ್ ಹಡಗು ಮುಳುಗಿದಾಗಲೂ ಎಣ್ಣೆ ಸೋರುವ ಹೆದರಿಕೆ ಇತ್ತು. ದೊಡ್ಡ ಮೀನು ಈಜಿ ಆಚೆ ಹೋದೀತು, ಮರಿಗಳ ಗತಿ ಏನು? ಬಿಸಿಲು, ಮಳೆ, ಉಪ್ಪಿಗೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಖಂಡಿತ ಇದೆ. ಜನ ಮರೆಯುವುದು ಬಿಸಿಲನ್ನೇ. ಎಣ್ಣೆಯಲ್ಲಿ ಪಿಎಎಚ್ ಅನ್ನುವ ರಾಸಾಯನಿಕಗಳಿವೆ, ಮೊಟ್ಟೆ ಮತ್ತು ಮರಿ ಅವನ್ನು ನೀರಿನಿಂದ ಹೀರಿಕೊಳ್ಳುತ್ತವೆ. ಆಮೇಲೆ ನೇರಳಾತೀತ ಕಿರಣ ಬಿದ್ದರೆ ಮರಿಯ ಮೈಯೊಳಗೇ ಅವು ಕೆರಳಿ ಜೀವಕೋಶಗಳನ್ನು ಹಾಳುಮಾಡುತ್ತವೆ. ದೊಡ್ಡ ಮೀನಿಗೆ ಹುರುಪೆ ಇದೆ, ಬಣ್ಣ ಇದೆ. ಮರಿ ಗಾಜಿನ ಹಾಗೆ, ಬೆಳಕು ಸೀದಾ ಒಳಗೆ ಹೋಗುತ್ತದೆ.

2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಕಾಸ್ಕೊ ಬುಸಾನ್ ಹಡಗಿನ ಇಂಧನ ಎಣ್ಣೆ ಚೆಲ್ಲಿತು. ಅಲ್ಲಿನ ಹೆರಿಂಗ್ ನಮ್ಮ ಬೂತಾಯಿಯ ಬಳಗದ್ದೇ ಮೀನು. ಇಳಿತದಲ್ಲಿ ಬಿಸಿಲಿಗೆ ಬೀಳುವ ಜಾಗದ ಮೊಟ್ಟೆಗಳು ಕೊಳೆತು ಸತ್ತವು, ಆಳದಲ್ಲಿ ಇದ್ದವು ಹೃದಯ ಕೆಟ್ಟರೂ ಜೀವ ಹಿಡಿದಿದ್ದವು. ಈ ಹೃದಯದ ತೊಂದರೆಗೆ ಬಿಸಿಲು ಬೇಕಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೃದಯದ ಸುತ್ತ ನೀರು ತುಂಬಿ ಉಬ್ಬಿರುತ್ತದೆ, ಬಡಿತ ನಿಧಾನ, ಬೆನ್ನು ಬಾಗಿರುತ್ತದೆ. ಅಂಥ ಮರಿ ಬದುಕಿದರೂ ಚೆನ್ನಾಗಿ ಈಜಲಾರದು.

ಪ್ರಶ್ನೆ (ಉಳ್ಳಾಲದಿಂದ): ಹಾಗಾದರೆ ಮಳೆಗಾಲದ ಮೋಡ ಕಾಪಾಡುತ್ತೆ, ಅಲ್ವಾ?

ಉತ್ತರ: ಅರ್ಧ ನಿಜ. ಮೋಡ, ನೇತ್ರಾವತಿಯ ಕೆಂಪು ನೀರು ಎರಡೂ ಬೆಳಕನ್ನು ತಡೆಯುತ್ತವೆ. ಎಲೆ ಕೊಳೆತು ನದಿಯಲ್ಲಿ ಬರುವ ಸಾವಯವ ಪದಾರ್ಥ ಒಂದಿಷ್ಟು ಪಿಎಎಚ್ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಸಿಹಿನೀರಲ್ಲಿ ಪಿಎಎಚ್ ಉಪ್ಪುನೀರಿಗಿಂತ ಸ್ವಲ್ಪ ಜಾಸ್ತಿ ಕರಗುತ್ತದೆ. ಅಬ್ಬರದ ಅಲೆಗಳು ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದು ನೀರಿಗೆ ಬೆರೆಸುತ್ತವೆ. ನಮ್ಮ ಕರಾವಳಿಯಲ್ಲಿ ಆಗ ಆಳದ ತಣ್ಣನೆಯ, ಆಮ್ಲಜನಕ ಕಡಿಮೆ ಇರುವ ನೀರು ಮೇಲೇರುತ್ತದೆ. ಎಣ್ಣೆಯಿಂದ ಬಳಲಿದ ಮರಿಗೆ ಅದೂ ಸೇರಿದರೆ ಭಾರ ಹೆಚ್ಚು. ಬೂತಾಯಿ ಮೊಟ್ಟೆ ಇಡುವುದೂ ಆಗಲೇ.

ಪ್ರಶ್ನೆ: ನೀರಿನ ಮೇಲೆ ಎಣ್ಣೆ ಕಾಣದಿದ್ದರೆ ಸುಮ್ನೆ ಇರಬಹುದಾ?

ಉತ್ತರ: ಬೇಡ. ಒಂದು ಲೀಟರ್ ನೀರಿನಲ್ಲಿ ಕೆಲವೇ ಮೈಕ್ರೋಗ್ರಾಂ ಪಿಎಎಚ್ ಇದ್ದರೂ ಕೆಲವು ಜಾತಿಯ ಮರಿಗಳ ಹೃದಯ ಕೆಡುತ್ತದೆ. ಅಷ್ಟು ಕಣ್ಣಿಗೆ ಕಾಣಲ್ಲ.